ಏಳದ ಗುಳ್ಳೆ

ಮುಖದ ತುಂಬ ಸಿಡುಬಿನ ಕಲೆ ಹೊತ್ತವನಿಗೆ ಸಿಡುಬು ಬಾರದಂತೆ ಚುಚ್ಚುವ ದಾಕು ಯಾತಕ್ಕೆ? ಬೊಂಬಾಯಿಯ ಮಾಟುಂಗದ ಹೋಟೆಲಿನ ಅಡುಗೆಯವ ಕಾಂತಪ್ಪ ಕೇಳಿ ಕೇಳಿ ಸೋತ. ಹೋಟೆಲಿನವರೆಲ್ಲ ಚುಚ್ಚಿಸಿಕೊಳ್ಳಬೇಕು, ಚುಚ್ಚಿದಲ್ಲಿ ಗುಳ್ಳೆ ಏಳಬೇಕು, ಎದ್ದರೆ ಮಾತ್ರ ಸರ್ಟಿಫಿಕೇಟು ಎಂದು ಮುನ್ಸಿಪಾಲಿಟಿಯ ಕಟ್ಟಪ್ಪಣೆ. ಎರಡು ಸಲ ಚುಚ್ಚಿದರು, ಗುಳ್ಳೆ ಏಳಲಿಲ್ಲ. ಚಿಕ್ಕಂದಿನಲ್ಲೇ ಸಿಡುಬನ್ನು ಗೆದ್ದ ಮೈ, ದಾಕನ್ನು ಲೆಕ್ಕಕ್ಕೇ ಇಡಲಿಲ್ಲ.

"ಬುಧವಾರದೊಳಗೆ ಸರ್ಟಿಫಿಕೇಟು ಸಿಗದಿದ್ರೆ ಅಂಧೇರಿಯ ನಮ್ಮ ಹೊಸ ಹೋಟೆಲಿಗೆ ಹೆಡ್ ಕುಕ್ ಆಗಿ ನಿನ್ನ ಬದಲು ಅಣ್ಣು ಹೋಗ್ಲಿ ಮಾರಾಯ" ಎಂದರು ಧಣಿ ಚೆನ್ನಯ.

ಸಾಂಬಾರಿಗೆ ಉಪ್ಪು ಮರೆಯುವ ಅಣ್ಣು ಹೆಡ್ ಕುಕ್! ಹನ್ನೆರಡು ವರ್ಷ ಒಲೆಯ ಮುಂದೆ ಬೆಂದ ಕಾಂತಪ್ಪನಿಗೆ ಮೈಯೆಲ್ಲ ಉರಿಯಿತು.

ಹಿಟ್ಟು ರುಬ್ಬುವ ಅಕ್ಕು ಮೊದಲು ಮಂಗಳೂರಿನ ಗೇರುಬೀಜದ ಕಾರ್ಖಾನೆಯಲ್ಲಿದ್ದವಳು. "ಗುಳ್ಳೆ ತಾನೇ? ಹಸಿ ಗೇರುಬೀಜದ ಸೊನೆ ಒಂದು ಚುಕ್ಕೆ ಹಚ್ಚು. ಒಂದೇ ಚುಕ್ಕೆ" ಎಂದಳು. ಸಿಟ್ಟಿನಲ್ಲಿದ್ದವನಿಗೆ ಚುಕ್ಕೆಯೇನು, ಚಮಚವೇನು? ಬುಧವಾರದ ಹೊತ್ತಿಗೆ ತೋಳು ಪೂರಿಯಂತೆ ಉಬ್ಬಿತು.

ದಾಕು ಹಾಕುವ ಮುನ್ಸಿಪಾಲಿಟಿಯ ಇನ್ಸ್‌ಪೆಕ್ಟರ್ ಶಿವಪುತ್ರಪ್ಪ ನಗುತ್ತಲೇ ಬಂದ. "ನೀ ಹೇಳಿದ್ದು ಖರೇ ಐತಿ ನೋಡಪಾ. ಸಿಡುಬು ಬಂದು ಹೋದ ಮೈಗೆ ದಾಕು ಏಳೂದಿಲ್ಲಂತ ದೊಡ್ಡ ಡಾಕ್ಟರು ಅಂದ್ರು. ತಗೋ ಸರ್ಟಿಫಿಕೇಟು. ತೋಳೊಂದೀಟು ತೋರ್ಸು, ಎದ್ದಿಲ್ಲಂತ ನೋಡಿ ಸಹಿ ಹಾಕ್ತೀನಿ."

ಕಾಂತಪ್ಪ ಅಂಗಿಯ ತೋಳನ್ನು ಬಿಗಿಹಿಡಿದ. ಶಿವಪುತ್ರಪ್ಪ ಬಿಡಲಿಲ್ಲ, ಎಳೆದೇ ನೋಡಿದ.

"ಅಯ್ಯಯ್ಯ! ಏಳಬಾರದ ಮೈಯಾಗ ಇಷ್ಟೆದ್ದೈತಿ ಅಂದ್ರ ದಾಕು ತಿರುಗಿಬಿದ್ದೈತಿ! ಲಕ್ಷಕ್ಕೊಬ್ಬರಿಗೆ ಹಿಂಗಾಗ್ತೈತಂತ. ಆಸ್ಪತ್ರಿ ಗಾಡಿ ತರಸ್ರೀ!" ಸರ್ಟಿಫಿಕೇಟನ್ನು ಅಲ್ಲೇ ಹರಿದುಹಾಕಿದ.

"ಸ್ವಾಮೀ, ಇದು ಗೇರುಬೀಜದ ಸೊನೆ!" ಕಾಂತಪ್ಪ ಕೂಗಿದ.

"ಸೊನೆಯಾ? ನಂಗೊಂದೂ ಗೊತ್ತಿಲ್ಲಪ್ಪ" ಎಂದ ಅಕ್ಕು, ಎಲ್ಲಿ ತನ್ನ ತಲೆಗೆ ಬರುತ್ತದೋ ಎಂದು ಒಳಗೆ ನಡೆದಳು.

ಇನ್ಸ್‌ಪೆಕ್ಟರ್ ಹಣೆ ಮುಟ್ಟಿ ನೋಡಿದ. "ಬಡಬಡಿಸಾಕ ಹತ್ಯಾನ. ಜ್ವರ ನೆತ್ತಿಗೇರೈತಿ."

ನೆಟ್ಟಗಿದ್ದ ಮನುಷ್ಯನನ್ನು ಹಾಡುಹಗಲೇ ಗಾಡಿಗೆ ತುಂಬಿದರು. ಆಸ್ಪತ್ರೆಯಲ್ಲಿ ಡಾಕ್ಟರುಗಳು ವಾರವಿಡೀ ಆ ತೋಳನ್ನು ಇಣುಕಿ ನೋಡಿದರು, ಅವನ ಮಾತನ್ನು ಮಾತ್ರ ಒಬ್ಬರೂ ಕೇಳಲಿಲ್ಲ. ಕೊನೆಗೆ ಚೀಟಿಯೊಂದನ್ನು ಬರೆದುಕೊಟ್ಟು ಬಿಟ್ಟರು: ಈತನ ಮೈಗೆ ದಾಕು ಒಗ್ಗದು, ಮುಂದೆಂದೂ ಹಾಕಕೂಡದು.

ಕಾಂತಪ್ಪ ಹಿಗ್ಗಿ ಹೋಟೆಲಿಗೆ ಓಡಿದ. "ನೋಡಿದ್ರಾ ಧಣಿ? ಇನ್ನು ಯಾರೂ ನನ್ನನ್ನು ಚುಚ್ಚುವ ಹಾಗಿಲ್ಲ! ಅಂಧೇರಿಗೆ ಯಾವಾಗ ಹೋಗುದು?"

ಚೆನ್ನಯ ಚೀಟಿಯನ್ನು ಎರಡು ಸಲ ಓದಿದರು.

"ಮೊನ್ನೆ ಎದ್ದದ್ದು ಲೆಕ್ಕಕ್ಕಿಲ್ಲ, ಮತ್ತೆ ದಾಕು ಹಾಕದೆ ಸರ್ಟಿಫಿಕೇಟು ಇಲ್ಲ, ನಿಂಗೆ ದಾಕು ಹಾಕುವ ಹಾಗೇ ಇಲ್ಲ. ಅಂಧೇರಿ ಬಿಡು ಮಾರಾಯ, ಬೊಂಬಾಯಿಯ ಯಾವ ಹೋಟೆಲಿನವರೂ ಇನ್ನು ನಿನ್ನನ್ನು ಒಲೆಯ ಹತ್ರ ಬಿಡ್ಲಿಕ್ಕಿಲ್ಲ."