ಅಂಗಳದೊಳಗಿನ ನೀರಾನೆ

ಊರಿನ ಸರ್ಕಾರಿ ಮುಖಂಡ ಚೀಫನ ಮನೆಯಂಥದೇ ತಗಡಿನ ಮನೆ ಬೇಕೆಂದು ಹೆಂಡತಿ ನಾತಿರ್ ಹಟ ಹಿಡಿದಿದ್ದರಿಂದ ಲೊವೊಯ್ ಬೆಳಿಗ್ಗೆಯೇ ಕಂಬಕ್ಕೆ ಗುಳಿ ತೋಡಲು ನಿಂತ. ಗುದ್ದಲಿಗೆ ಕಲ್ಲಾಗಿಹೋಗಿದ್ದ ದಪ್ಪ ಮೂಳೆಯೊಂದು ತಾಗಿತು. ತುರ್ಕಾನಾದ ಬರಡು ನೆಲದಲ್ಲಿ ಮೂಳೆ ಸಿಕ್ಕರೆ ಮಣ್ಣು ಮುಚ್ಚಿ ಬಾಯಿಯನ್ನೂ ಮುಚ್ಚಿಕೊಂಡಿರಬೇಕು. ಲೊವೊಯ್ ಕೂಗಿಬಿಟ್ಟ.

ನೆರೆಹೊರೆಯವರು ನೊಣಗಳಂತೆ ಮುತ್ತಿದರು.

"ಮನುಷ್ಯಂದೇ ಇದು," ಎಂದ ಪಕ್ಕದ ಗುಡಿಸಲಿನ ಮುದುಕ ಎಕಲಾಲೆ, ಮೂಳೆಯನ್ನು ತನ್ನ ತೊಡೆಗೆ ಹೋಲಿಸುತ್ತ. "ನಮ್ಮ ಕುಲದ ಮೂಲಪುರುಷ!"

"ನಿಮ್ಮ ಕುಲದಲ್ಲಿ ಇಷ್ಟು ದಪ್ಪ ಮೂಳೆ ಯಾರಿಗಿದೆಯಪ್ಪಾ? ಗಾಳಿ ಬಂದ್ರೆ ಹಾರಿಹೋಗ್ತೀರಿ," ಎಂದು ಚೀಫ್ ಎಸೆಕಾನ್ ಸರ್ಕಾರಿ ಟೋಪಿ ತೆಗೆದು ಗುಳಿಗೆ ತಲೆಬಾಗಿದ. "ಇವನು ನಮ್ಮಜ್ಜ. ಮುಖ ನೋಡಿದ್ರೇ ಗೊತ್ತಾಗುತ್ತೆ."

ಮುಖ ಇನ್ನೂ ಮಣ್ಣೊಳಗಿತ್ತು.

ಜಗಳ ಕೋಲು ಎತ್ತುವವರೆಗೆ ಹೋಯಿತು. ಒಂದು ಮಾತಿಗೆ ಮಾತ್ರ ಇಬ್ಬರೂ ಒಪ್ಪಿದರು: ಅಜ್ಜನ ನಿದ್ದೆ ಕೆಡಿಸಿದವನು ಲೊವೊಯ್, ಆಡು ಕಡಿದು ಶಾಂತಿ ಮಾಡಿಸಬೇಕಾದವನೂ ಅವನೇ. ಮಧ್ಯಾಹ್ನದೊಳಗೆ ಅವನ ಬಿಳಿ ಹೋತ ಕೆಂಡದ ಮೇಲಿತ್ತು.

"ಮನೆ ಕಟ್ಟು ಅಂದ್ರೆ ಹೆಣ ಅಗೆದ್ಯಲ್ಲ ಮಹಾರಾಯ!" ಎಂದಳು ನಾತಿರ್.

ಹತ್ತಿರದಲ್ಲೇ ಡೇರೆ ಹಾಕಿದ್ದ ಪಳೆಯುಳಿಕೆ ತಜ್ಞೆ ಚೆಮುತಾಯಿ ಸುದ್ದಿ ಕೇಳಿ ಓಡಿಬಂದರು. ಕುಂಚದಿಂದ ಮಣ್ಣು ಸರಿಸಿ ಸರಿಸಿ ಸಂಜೆಗೆ ಅಜ್ಜನ ಮುಖ ತೋರಿಸಿದರು. ಕೋರೆಹಲ್ಲು ತೋಳುದ್ದ.

"ಇದು ನೀರಾನೆ."

ಚೀಫ್ ಟೋಪಿ ಹಾಕಿಕೊಂಡ. "ನಾನಾಗಲೇ ಹೇಳ್ಲಿಲ್ವಾ, ಎಕಲಾಲೆ ಕಡೆಯವನೇ ಅಂತ?"

"ನಗಬೇಡಿ," ಎಂದರು ಚೆಮುತಾಯಿ. "ಇದರ ಹಲ್ಲು ಪರೀಕ್ಷೆ ಮಾಡಿದ್ರೆ ಯಾವ ಥರದ ಹುಲ್ಲು ಮೇಯ್ತಿತ್ತು ಅಂತ ತಿಳಿಯುತ್ತೆ. ನೀರಿಲ್ದೆ ಇದು ಬದುಕೋದೇ ಇಲ್ಲ. ಅಂದ್ರೆ ಲಕ್ಷಾಂತರ ವರ್ಷದ ಹಿಂದೆ ಇಲ್ಲೇ ದೊಡ್ಡ ಸರೋವರ ಇತ್ತು, ದಡದ ತುಂಬ ಹಸಿರು."

ಲೊವೊಯ್ ತನ್ನ ಧೂಳು ತುಂಬಿದ ಅಂಗಳವನ್ನು ಹೊಸದಾಗಿ ನೋಡಿದ. ಎದೆ ಉಬ್ಬಿತು.

"ಮೂಳೆ ತೆಗೆದ ಮೇಲೆ ನೀವು ಮನೆ ಕಟ್ಕೊಳ್ಳಿ," ಎಂದರು ಚೆಮುತಾಯಿ.

ಚೀಫ್ ಕೆಮ್ಮಿದ. "ಹೇಗೆ ಕಟ್ತಾನೆ? ಸರೋವರದೊಳಗೆ ಮನೆ ಕಟ್ಟೋದು ಅಪರಾಧ."

"ಯಾವ ಸರೋವರ, ಸಾಹೇಬ್ರೇ?" ಎಂದ ಲೊವೊಯ್.

"ಮೇಡಂ ಈಗ ತಾನೇ ಹೇಳಿದ್ರಲ್ಲ."

"ಅದ್ರಲ್ಲಿ ನೀರೇ ಇಲ್ವಲ್ಲ!"

"ಬರೋದು ಬಿಡೋದು ನೀರಿನ ಇಷ್ಟ. ಜಾಗ ಸರೋವರದ್ದು. ನಿನ್ನ ಆ ಹಳೇ ಗುಡಿಸಲೂ ಇಲ್ಲಿರೋ ಹಾಗಿಲ್ಲ."

ಎಕಲಾಲೆ ಆ ದಿನ ಎರಡನೇ ಸಲ ಚೀಫನ ಮಾತಿಗೆ ಹೌದೆಂದು ತಲೆಯಾಡಿಸಿದ. ಅವನ ಆಡುಗಳಿಗೆ ತನ್ನ ಅಂಗಳದಲ್ಲಿ ಜಾಗ ಸಾಲುತ್ತಿರಲಿಲ್ಲ.

ಸೂರ್ಯ ಮುಳುಗುವಾಗ ಲೊವೊಯ್ ಇದ್ದೊಂದು ಗುಡಿಸಲನ್ನೂ ಬಿಚ್ಚಿ, ಕಂಬ ಹೊತ್ತು ಬಿರುಕು ಬಿಟ್ಟ ನೆಲದ ಮೇಲೆ ಹೊರಟಿದ್ದ. ಮುಂದೆ ಹೋಗುತ್ತಿದ್ದ ನಾತಿರ್ ತಿರುಗಿ ಕೂಗಿದಳು:

"ಬೇಗ ಬೇಗ ಕಾಲು ಹಾಕು! ಮುಳುಗಿ ಗಿಳುಗಿ ಹೋದೀಯ!"