ಕಾಕಾ, ಕೆಟ್ಟ ಎಣ್ಣೆ ಮತ್ತು ಹೆಂಡತಿಯ ಮೈಕ್ರೋವೇವ್

ನಮ್ಮ ಕಾಕಾ ಏಳನೆಯ ಇಯತ್ತೆಗೇ ಶಾಲೆ ಬಿಟ್ಟರಲ್ಲ ಎಂದು ಯಾರಾದರೂ ಮರುಗಿದರೆ ನನಗೆ ಸಿಟ್ಟು ಬರುತ್ತದೆ. ಎಂಟಕ್ಕೆ ಹೋಗಿದ್ದರೆ ರೋಣ ತಾಲೂಕು ಉಳಿಯುತ್ತಿತ್ತೇ?

ಒಮ್ಮೆ ಅಬ್ಬಿಗೇರಿಯ ಮನೆಯಲ್ಲಿ ಕಡಗೋಲಿಗೆ ಡ್ರಿಲ್ ಯಂತ್ರ ಕಟ್ಟಿ ಮಜ್ಜಿಗೆ ಕಡೆದರು. ಬೆಣ್ಣೆ ಬಂತು; ಜಂತಿಯ ಮೇಲೆ! ಅವರ ಹೆಂಡತಿ, ನಮ್ಮ ಕಾಕು, ಏಣಿ ಹತ್ತಿ ಅದನ್ನು ಕೆರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಥವಾ ಕೇಳಿದ್ದೇನೆ. ಈಚೆಗೆ ನನ್ನ ನೆನಪಿಗೆ ನಾನೇ ಸಾಕ್ಷಿ ಹುಡುಕುವಂತಾಗಿದೆ. ಜಂತಿಯ ಜಿಡ್ಡಂತೂ ಇನ್ನೂ ಇದೆ.

ಹೋದ ಮಳೆಗಾಲ ಹೊಳೆಮಣ್ಣೂರಿನ ದಾರಿಯಲ್ಲಿ ಪ್ರವಾಹದ ನೀರಿಗೆ ಬೈಕು ಇಳಿಸಿದರು. ಎಂಜಿನ್ನಿಗೆ ನೀರು ಹೊಕ್ಕು ಎಣ್ಣೆ ಹಾಲು ಹಾಕಿದ ಚಹಾದಂತಾಯಿತು. ಬೇರೆ ಯಾರೇ ಆಗಲಿ, ಚೆಲ್ಲುತ್ತಿದ್ದರು. ಕಾಕಾ ಅದನ್ನು ಡಬ್ಬಿಗೆ ತುಂಬಿಕೊಂಡು ರೋಣದ ನಮ್ಮ ಮನೆಗೆ ಬಂದರು. ಅದೂ ನನ್ನ ಹೆಂಡತಿ ನರಗುಂದದ ತವರಿಗೆ ಹೋದ ದಿನ! ನಾನು ಕಾಲೇಜಿನಿಂದ ಬರುವಷ್ಟರಲ್ಲಿ, ಅವಳು ನನಗೂ ಮುಟ್ಟಗೊಡದ ಹೊಸ ಮೈಕ್ರೋವೇವ್ ಒಲೆಯೊಳಗೆ ಆ ಎಣ್ಣೆ ತುಂಬಿದ ಗಾಜಿನ ಲೋಟ ತಿರುಗುತ್ತಿತ್ತು. ಮನೆಯೆಲ್ಲ ಗ್ಯಾರೇಜಿನ ವಾಸನೆ.

“ಕಾಕಾ! ಏನ ಹಚ್ಚೀರಿ ಇದು? ಸಂಜೀಕ ಅಕಿ ಬಂದ್ರ ನನ್ನ ಹೊರಗ ಹಾಕ್ತಾಳ!”

“ಬಾಯಿ ಮಾಡಬ್ಯಾಡ. ನೀರು ಬ್ಯಾರೆ ಆಗಾಕ ಹತ್ತೇತಿ.”

“ಕಾಸೂದಿದ್ರ ಗ್ಯಾಸಿನ ಮ್ಯಾಲೆ ಕಾಸ್ರಿ!”

“ಗ್ಯಾಸು ತಳದಾಗಿಂದ ಎಲ್ಲಾನೂ ಕಾಸತೈತಿ. ಈ ಅಲೆ ಎಣ್ಣಿ ಗೊಡವಿಗೆ ಭಾಳ ಹೋಗಂಗಿಲ್ಲ. ಒಳಗಿನ ನೀರಿನ ಹನೀನ ಹಿಡಿದು ಅಳ್ಳಾಡಸ್ತೈತಿ. ಹನಿ ಬಿಸಿಯಾಗಿ, ಸುತ್ತಲಿನ ಎಣ್ಣಿ ತೆಳ್ಳಗಾಗಿ, ಹನಿಗೆ ಹನಿ ಕೂಡಿ ತಳಕ್ಕ ಇಳೀತಾವ. ಎಂ.ಎಸ್ಸಿ. ಓದೀಯಲ್ಲೋ ಶಾಣ್ಯಾ?”

ಮಕ್ಕಳಿಗೆ ಭೌತಶಾಸ್ತ್ರ ಕಲಿಸಿ ತಲೆ ನೆರೆತ ನನಗೆ ವಿದ್ಯುತ್ಕಾಂತೀಯ ಅಲೆಯ ಪಾಠ!

“ಯಾವ ಮೊಬೈಲಿನ್ಯಾಗ ನೋಡಿದ್ರಿ ಈ ಸುಳ್ಳು?” ಎಂದು ಚೀರಿದೆ.

ಕಾಕಾ ಲೋಟ ಹೊರತೆಗೆದು ಕಿಟಕಿಯ ಬೆಳಕಿಗೆ ಇಟ್ಟರು. ನೋಡನೋಡುತ್ತ ತಳದಲ್ಲಿ ಬೆರಳಗಲ ನೀರು ನಿಂತಿತು. ಅದರ ಮೇಲೆ ಎಣ್ಣೆ.

“ನೀನ ಹೇಳಿದ್ದಿ,” ಎಂದರು. “ಧಾರವಾಡದ ಹಾಸ್ಟೆಲ್ಲಿನ್ಯಾಗ. ನಾ ರೊಟ್ಟಿ ಗಂಟು ತಂದಾಗೆಲ್ಲ ಕಟ್ಟಿ ಮ್ಯಾಲೆ ಕುಂದ್ರಿಸಿ ಪಾಠ ಒಪ್ಪಸ್ತಿದ್ದಿ. ಪರೀಕ್ಷಾ ಮುಗೀತು, ನೀ ಮರ್ತಿ. ನನಗ ಪರೀಕ್ಷಾ ಇರಲಿಲ್ಲ, ಅದಕ್ಕ ಇನ್ನೂ ಐತಿ.”

ನನಗೆ ಆ ರೊಟ್ಟಿ ನೆನಪಿದೆ. ಗಂಟು ಕಟ್ಟಿದ ಅರಿವೆಯೂ ನೆನಪಿದೆ. ಕಟ್ಟೆಯ ಮೇಲೆ ಕೇಳುತ್ತ ಕುಳಿತವರ ಮುಖ ಮಾತ್ರ, ಎಷ್ಟು ತಿಣುಕಿದರೂ ಬರಲಿಲ್ಲ.

ಫೋನು ಹೊಡೆದುಕೊಂಡಿತು. ಹೆಂಡತಿ. “ಬಸ್ ಹತ್ತೇನ್ರಿ, ತಾಸಿನ್ಯಾಗ ಬರ್ತೀನಿ.”

ಡಬ್ಬಿಯಲ್ಲಿ ಇನ್ನೂ ಅರ್ಧ ಎಣ್ಣೆ ಇತ್ತು.

“ಇನ್ನೊಂದು ಲೋಟಾ ಇಡ್ರಿ ಕಾಕಾ,” ಎಂದೆ. “ಈ ಸಲ ನೀವು ಹೇಳ್ರಿ. ನಾ ಕುಂತು ಕೇಳ್ತೀನಿ.”