ಮೊದಲ ಒಳಗ, ಆಮ್ಯಾಲ ಹೊರಗ

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮದೊಂದು ತಗಡಿನ ಶೆಡ್ಡು ಇದೆ. ಅಲ್ಲಿ ನಾನು ಕಾರು ತೊಳೆಯುತ್ತೇನೆ. ಬರೀ ನೀರು ಹೊಡೆದು ಕಳಿಸುವುದಲ್ಲ, ಒಳಗೂ ಹೊರಗೂ ಪೂರ್ತಿ. ಇಲ್ಲಿಗೆ ಬರುವವರು ಗಾಡಿಯ ಜೊತೆ ಮನೆಯ ಸಂಗತಿಯನ್ನೂ ತಂದು ನಿಲ್ಲಿಸುತ್ತಾರೆ. ಹಾಗಾಗಿ ದಿನಕ್ಕೊಂದು ಏನಾದರೂ ನಡೆದೇ ನಡೆಯುತ್ತದೆ. ಏನೂ ನಡೆಯಲಿಲ್ಲವೆಂದರೆ ಅವತ್ತು ಕರೆಂಟು ಇರಲಿಲ್ಲ ಎಂದು ತಿಳಿಯಬೇಕು.

ನಮ್ಮ ಮನೆಯವರು ಲಾರಿ ಓಡಿಸುತ್ತಾರೆ. ಹೋದರೆ ಗುಜರಾತು, ಬಂದರೆ ನಿದ್ದೆ. ಈ ಕೆಲಸ ಹಚ್ಚಿಕೊಟ್ಟವರು ಅವರೇ, ಕ್ರಮ ಕಲಿಸಿದವರೂ ಅವರೇ. “ಮೊದಲ ಒಳಗ, ಆಮ್ಯಾಲ ಹೊರಗ. ಒಳಗಿನ ಧೂಳ ಹೊರಗ ಬೀಳ್ತದ ನೋಡು, ಅದಕ್ಕ. ಹೊರಗ ಬಂದಮ್ಯಾಲ ಮೊದಲ ಗಾಲಿ ತೊಳಿ, ಅದರ ಕೆಸರು ಮೈಮ್ಯಾಲ ಸಿಡೀತದ. ಆಮ್ಯಾಲ ನೊರಿ, ನೀರು, ಮೆತ್ತನ್ನ ಬಟ್ಟಿ. ಪಾಲಿಶ್ ಕಡೀಕ.” ಇಷ್ಟು ಹೇಳಿ ಲಾರಿ ಹತ್ತಿದರು. ಕ್ರಮ ನನಗೆ ಬಾಯಿಪಾಠವಾಯಿತು. ಗಿರಾಕಿಗಳಿಗೆ ಮಾತ್ರ ಇವತ್ತಿಗೂ ಆಗಿಲ್ಲ.

ಗಂಡಸರು ಯಾರದಾರ?

ಹೊಸದರಲ್ಲಿ ಯಾರೇ ಬಂದರೂ ನನ್ನನ್ನು ಬಿಟ್ಟು ಶೆಡ್ಡಿನ ಮೂಲೆಮೂಲೆ ನೋಡುತ್ತಿದ್ದರು. ಯಾದಗಿರಿಯ ಗುತ್ತಿಗೆದಾರರೊಬ್ಬರು, ನೀರಿನ ಪೈಪು ಹಿಡಿದು ನಿಂತಿದ್ದ ನನ್ನನ್ನೇ ಕೇಳಿದರು.

“ಇಲ್ಲಿ ಗಂಡಸರು ಯಾರೂ ಇಲ್ಲೇನ್ರಿ?”

“ಗಂಡಸರು ಗುಜರಾತಿಗೆ ಹೋಗ್ಯಾರ್ರಿ.”

“ಯಾವಾಗ ಬರ್ತಾರ?”

“ಅದನ್ನ ನಾನೂ ಕೇಳಾಕತ್ತೇನ್ರಿ.”

“ಮತ್ತ ಅಲ್ಲೀತನಕ ಗಾಡಿ?”

“ಅಲ್ಲೀತನಕ ನಾ ತೊಳೀತೇನ್ರಿ. ಬ್ಯಾಡಾದ್ರ ಗುಜರಾತಿಗೆ ಒಯ್ಯಿರಿ.”

ಅವರು ಕುರ್ಚಿ ಎಳೆದುಕೊಂಡು ಕೂತರು. ಹೋಗುವಾಗ ಗಾಡಿಯ ಹೊಳೆಯುವ ಬಾಗಿಲಲ್ಲಿ ತಮ್ಮ ಮುಖ ನೋಡಿ ತಲೆ ಬಾಚಿಕೊಂಡರು. ಅಂದಿನಿಂದ ಅವರು ಬೇರೆ ಕಡೆ ಹೋದವರಲ್ಲ. ಬಂದಾಗಲೆಲ್ಲ ಮೊದಲು ಕೇಳುವುದು ಒಂದೇ, “ಗುಜರಾತ್ ಬಂತೇನ್ರಿ?” ನಾನು ಇನ್ನೂ ಇಲ್ಲ ಅನ್ನುತ್ತೇನೆ. “ಪಾಪ” ಅನ್ನುತ್ತಾರೆ. ಪಾಪ ಅಂದದ್ದು ನನಗೋ, ಗುಜರಾತಿಗೋ, ಇವತ್ತಿಗೂ ತಿಳಿದಿಲ್ಲ.

ಹಿಂದಿನ ಗಾಜು

ಶಹಾಪುರದಲ್ಲಿ ಅಪ್ಪನ ಬಟ್ಟೆ ಅಂಗಡಿ ನೋಡಿಕೊಳ್ಳುವ ಹುಡುಗನೊಬ್ಬ ಬಂದ. ಗಾಡಿಯ ಹಿಂದಿನ ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ ‘ಭಾಗ್ಯಶ್ರೀ’ ಎಂದು ಅಂಟಿಸಿತ್ತು. ನಿಶ್ಚಯವಾಗಿದ್ದ ಹುಡುಗಿಯ ಹೆಸರು. ಎರಡೂ ಮನೆಯ ಹಿರಿಯರು ಯಾವುದೋ ಮಾತಿಗೆ ಜಗಳಾಡಿ ಸಂಬಂಧ ಮುರಿದಿದ್ದರು. ಇವರಿಬ್ಬರನ್ನು ಯಾರೂ ಕೇಳಿರಲಿಲ್ಲ.

“ಅಕ್ಕಾರ, ಈ ಹೆಸರು ತಗೀರಿ” ಅಂದ.

ಅಂಟಿಸಿದ ಅಕ್ಷರ ಬಿಡಿಸಬೇಕೆಂದರೆ ಬಿಸಿ ಗಾಳಿ ಹಿಡಿದು, ಅಂಟು ಮೆತ್ತಗಾದ ಮೇಲೆ ಸಾವಕಾಶ ಎತ್ತಬೇಕು. ಹಾಗೆ ‘ಭಾಗ್ಯ’ ತೆಗೆದೆ. ಅವನು ಪಕ್ಕದಲ್ಲೇ ನಿಂತು ನೋಡುತ್ತಿದ್ದವನು, “ಸಾಕ್ರಿ” ಅಂದ.

“ಇನ್ನಾ ಶ್ರೀ ಅದಲ್ಲಪ್ಪಾ.”

“ಇರ್ಲಿ ಬಿಡ್ರಿ. ಮಂದಿ ದೇವರ ಹೆಸರು ಅಂತ ತಿಳ್ಕೋತಾರ” ಅಂದು ರಸ್ತೆಯ ಕಡೆ ತಿರುಗಿದ. ನಾನು ಒತ್ತಾಯ ಮಾಡಲಿಲ್ಲ. ‘ಶ್ರೀ’ಯ ಸುತ್ತ ಒಂದು ಕೈ ಜಾಸ್ತಿಯೇ ಒರೆಸಿದೆ.

ಮರುವರ್ಷ ಬೇರೆ ಹುಡುಗಿಯೊಡನೆ ಅವನ ಮದುವೆಯಾಯಿತು. ಹೆಂಡತಿಯನ್ನು ಕೂರಿಸಿಕೊಂಡೇ ಗಾಡಿ ತೊಳೆಸಲು ಬಂದ. ಒಳ್ಳೆಯ ಹುಡುಗಿ, ನಗುಮುಖ. ನಾನು ನೊರೆ ಹೊಡೆಯಲು ಹಿಂದಕ್ಕೆ ಹೋದದ್ದೇ ತಡ, ಓಡಿಬಂದಳು.

“ಅಕ್ಕಾರ, ಆ ಶ್ರೀ ಮ್ಯಾಲ ಜೋರು ನೀರು ಬಿಡಬ್ಯಾಡ್ರಿ! ನಾ ಶುಕ್ರವಾರಕ್ಕೊಮ್ಮೆ ಅದಕ್ಕ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗ್ತೇನಿ. ನಮ್ಮ ಮನಿಯವರಿಗೆ ಲಕ್ಷ್ಮೀ ಮ್ಯಾಲ ಭಾಳ ಭಕ್ತಿರಿ!”

ನಾನು ಅವನ ಕಡೆ ನೋಡಿದೆ. ಅವನು ಮುಂದಿನ ಗಾಲಿ ನೋಡುತ್ತಿದ್ದ. ಗಾಲಿಯನ್ನು ಅಷ್ಟು ಭಕ್ತಿಯಿಂದ ನೋಡಿದವರನ್ನು ನಾನು ಬೇರೆ ಕಂಡಿಲ್ಲ.

ನಿಂತ ಗಾಡಿಯ ಪ್ರಯಾಣ

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಕೆಲಸ ಮುಗಿದ ಮೇಲೆ ಗಾಜು ಏರಿಸಿ ಒಂದಿಷ್ಟು ಹೊತ್ತು ಒಳಗೆ ಕೂರುತ್ತೇನೆ. ಹಸಿ ವಾಸನೆ ಉಳಿದಿದೆಯೋ ಏನೋ ನೋಡಬೇಕು, ಎಂದು ಜನರಿಗೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ಕೂರಲು ನನಗೆ ಆಸೆ. ಸ್ಟೇರಿಂಗ್ ಮೇಲೆ ಕೈಯಿಟ್ಟರೆ ಎದುರಿನ ತಗಡು ಕಾಣುವುದೇ ಇಲ್ಲ.

ಒಂದು ಮಧ್ಯಾಹ್ನ, ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿರುವ ಮೇಡಂ ಒಬ್ಬರ ಗಾಡಿಯಲ್ಲಿ ಹಾಗೆಯೇ ಕೂತಿದ್ದೆ. ಊಟದ ಬಿಡುವಿನಲ್ಲಿ ಅವರು ಬಂದು ಗಾಜು ತಟ್ಟಿದರು.

“ಎಲ್ಲಿಗೆ ಹೊಂಟೀಯವ್ವಾ?”

ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ. “ಸಮುದ್ರ ನೋಡಾಕ್ರಿ, ಮೇಡಂ.”

ಬೈಯುತ್ತಾರೆ ಅಂದುಕೊಂಡೆ. ಅವರು ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು. “ತಡಿ, ನಾನೂ ಬರ್ತೇನಿ. ನಾನೂ ನೋಡಿಲ್ಲ. ಈ ಗಾಡಿ ತಗೊಂಡಾಗಿಂದ ಮನಿಯಿಂದ ಆಫೀಸು, ಆಫೀಸಿಂದ ಮನಿ. ಬ್ಯಾರೆ ದಾರಿನ ಗೊತ್ತಿಲ್ಲ ಇದಕ್ಕ.”

ಇಳಿಯಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಅವರು, “ಹೂಂ, ನಡಿ, ಸುರಪುರ ದಾಟಿತು” ಅಂದರು. ಸರಿ, ನಾನೂ ಹೊರಟೆ. ಲಿಂಗಸೂಗೂರಿನಲ್ಲಿ ಚಹಾ ಕುಡಿದೆವು. ಹುಬ್ಬಳ್ಳಿಯಲ್ಲಿ ಊಟವಾಯಿತು. “ಘಾಟ ಬಂತ್ರಿ, ಗಟ್ಟಿ ಹಿಡ್ಕೋರಿ” ಅಂದೆ. ಅವರು ನಿಜವಾಗಿಯೂ ಮುಂದಿನ ಸೀಟು ಹಿಡಿದುಕೊಂಡರು. ಹೊರಗೆ ಹತ್ತಿ ತುಂಬಿದ ಟ್ರ್ಯಾಕ್ಟರ್ ಹೋದ ಸದ್ದು ಕೇಳಿತು. ಕನ್ನಡಿಯಲ್ಲಿ ನೋಡಿದೆ. ಮೇಡಂ ಕಣ್ಣು ಮುಚ್ಚಿಕೊಂಡಿದ್ದರು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಆಫೀಸಿನದು. “ಹಾಂ ಸರ್... ಇಲ್ರಿ ಸರ್, ದಾರ್‍ಯಾಗ ಇದ್ದೇನ್ರಿ” ಅಂದರು.

ಇಳಿದು ಸೀರೆ ಸರಿಮಾಡಿಕೊಂಡು ನನ್ನ ಕಿಟಕಿಯ ಹತ್ತಿರ ಬಂದರು.

“ಗಾಡಿ ಛಲೋ ಹೊಡೀತಿ. ಹಂಪ್ ಬಂದಲ್ಲಿ ಅಷ್ಟ ಸ್ವಲ್ಪ ಸಾವಕಾಶ ಹೋಗು. ನನ್ನ ಸೊಂಟ ಹಿಡಕೊಂತು ನೋಡು.”

ಮೊದಲಿನ ವಾಸನೆ

ಸುರಪುರದ ಒಬ್ಬ ಮೆಣಸಿನಕಾಯಿ ವ್ಯಾಪಾರಿ. ಕಾರಿನ ಹಿಂದಿನ ಸೀಟಿನಲ್ಲೇ ಮೆಣಸಿನಕಾಯಿ ಚೀಲ ಹಾಕಿಕೊಂಡು ಊರೂರು ತಿರುಗುವವರು. ಒಂದು ದಿನ ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು ಬಂದರು.

“ಅಕ್ಕಾರ, ನಮ್ಮಾಕಿ ಸಿಟ್ಟಾಗಿ ಹತ್ತಿಕುಣಿಗೆ ಹೋಗ್ಯಾಳ್ರಿ, ತವರಮನಿಗೆ. ಮದವಿಗೆ, ಮುಂಜವಿಗೆ ಹೋಗೂವಾಗ ಸೀನಿ ಸೀನಿ ಸಾಕಾಗ್ಯದಂತ. ‘ನಿಮ್ಮ ಗಾಡ್ಯಾಗ ಇನ್ನ ಕಾಲಿಡಂಗಿಲ್ಲ’ ಅಂದಾಳ. ಮನಿಯಾಗ ಹೊತ್ತ ಹೋಗವಲ್ದು. ಇವತ್ತ ಕರಕೊಂಡ ಬರಬೇಕ್ರಿ. ಮೊದಲ ಏನ್ ಮಾಡ್ತೀರಿ, ಆಮ್ಯಾಲ ಏನ್ ಮಾಡ್ತೀರಿ, ಹೇಳ್ರಿ.”

ನಾನು ಹೇಳತೊಡಗಿದೆ. “ಮೊದಲ ಸೀಟು ಬಿಚ್ಚಿ ಮಷಿನ್‌ಲೆ ಧೂಳ ಎಳೀತೇನ್ರಿ.”

“ಆವಾಗ ಬರ್ತಾಳೇನ್ರಿ?”

“ತಡೀರಿ. ಆಮ್ಯಾಲ ಕೆಳಗಿನ ಹಾಸು ತೊಳದು ಬಿಸಲಿಗೆ ಹಾಕಬೇಕು.”

“ಅದು ಒಣಗಿದ ಮ್ಯಾಲ ಬರ್ತಾಳೇನ್ರಿ?”

“ಎಸಿ ಕಿಂಡಿಗೆ ಬ್ರಶ್ ಹಾಕಬೇಕು. ಎಲ್ಲಾಕಿಂತ ಹೆಚ್ಚ ಖಾರ ಅಲ್ಲೇ ಕುಂತಿರ್ತದ.”

“ಅಲ್ಲೀತನಕ ಹೋದ್ರ ಬಂದೇ ಬರ್ತಾಳ ಬಿಡ್ರಿ” ಅಂದರು.

ಮೂಗಿಗೆ ಸೆರಗು ಬಿಗಿದುಕೊಂಡು ಎಲ್ಲ ಮುಗಿಸಿದೆ. ಗಾಡಿ ಶೋರೂಮಿನಿಂದ ಈಗ ಇಳಿದ ಹಾಗೆ ಕಂಡಿತು. ಅಷ್ಟಕ್ಕೆ ಅವರಿಗೆ ಸಮಾಧಾನವಾಗಲಿಲ್ಲ. ಎಲ್ಲಿಂದಲೋ ಮಲ್ಲಿಗೆ ವಾಸನೆಯ ಶೀಶೆ ತಂದು ಒಳಗೆಲ್ಲ ಹೊಡೆದರು. ತಲೆ ಬಾಚಿಕೊಂಡು ಹತ್ತಿಕುಣಿಗೆ ಹೋದರು.

ಹೊತ್ತು ಮುಳುಗುವ ಮುಂಚೆ ತಿರುಗಿ ಬಂದರು. ಒಬ್ಬರೇ.

“ಏನಾತ್ರಿ?” ಅಂದೆ.

“ಬಾಗಲಾ ತಗದ್ಲು, ಮೂಸಿದ್ಲು, ಬಾಗಲಾ ಹಾಕಿದ್ಲು. ‘ಈ ಮಲ್ಲಿಗಿ ಯಾವಾಕಿದು?’ ಅಂದ್ಲು. ಗಾಡಿ ತೊಳಸೇನಿ ಅಂದೆ. ‘ಇಷ್ಟ ವರ್ಷ ನಾ ಬಡಕೊಂಡ್ರೂ ತೊಳಸಲಿಲ್ಲ. ಈಗ ಯಾರ ಸಲುವಾಗಿ ತೊಳಸೀರಿ?’ ಅಂದ್ಲು.”

ಆಮೇಲೆ ದನಿ ತಗ್ಗಿಸಿ ಕೇಳಿದರು. “ಅಕ್ಕಾರ, ಮೊದಲಿನ ವಾಸನಿ ಹಾಕಾಕ ಬರ್ತದೇನ್ರಿ?”

ತೆಗೆಯುವ ಕ್ರಮ ನನಗೆ ಗೊತ್ತು, ಹಾಕುವ ಕ್ರಮ ಯಾರೂ ಕಲಿಸಿರಲಿಲ್ಲ. ಬಾಗಿಲು ನಾಲ್ಕೂ ತೆಗೆದಿಟ್ಟು ಮಲ್ಲಿಗೆ ಹೋಗುವ ಹಾಗೆ ಮಾಡಿದೆ. ಅವರು ಓಡಿಹೋಗಿ ಪಕ್ಕದ ಹೊಲದ ಕಣದಿಂದ ಒಂದು ಚೀಲ ಮೆಣಸಿನಕಾಯಿ ತಂದು ಹಿಂದಿನ ಸೀಟಿಗೆ ಇಟ್ಟು ಚೀಲ ಕೊಡವಿದರು.

“ಸಾಕ್ರಿ!” ಅಂದೆ ಸೀನುತ್ತ.

“ಇನ್ನಷ್ಟ ಇರ್ಲಿ ಬಿಡ್ರಿ. ಆಕಿ ಮೂಗು ಭಾಳ ಚುರುಕು ಅದ.”

ಮರುದಿನ ಅದೇ ಗಾಡಿ ಹತ್ತಿಕುಣಿಯಿಂದ ಸುರಪುರದ ಕಡೆ ಹೊರಟದ್ದು ನಮ್ಮ ಶೆಡ್ಡಿನ ಮುಂದೆ ನಿಂತಿತು. ಹೆಂಡತಿ ಇಳಿದು ನೇರ ನನ್ನ ಹತ್ತಿರ ಬಂದಳು.

“ಗಾಡಿ ತೊಳದಾಕಿ ನೀವೇನ್ರಿ?”

“ಹೌದ್ರಿ.”

ಮೊಣಕೈವರೆಗೆ ನೊರೆ, ತೊಯ್ದ ಸೀರೆ, ಕಾಲಿಗೆ ಕೆಸರು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಮುಖ ಸಡಿಲಾಯಿತು. ಗಂಡನ ಕಡೆ ತಿರುಗಿ, “ನಾ ಇಲ್ಲದಾಗ ಊಟ ಏನ್ ಮಾಡಿದ್ರಿ? ಮುಖ ನೋಡ್ರಿ, ಹೆಂಗ ಸೊರಗ್ಯದ” ಅಂದಳು. ಅವರಿಗೆ ಉತ್ತರದ ಬದಲು ಸೀನು ಬಂತು. ಅವಳಿಗೂ ಬಂತು. ಇಬ್ಬರ ಕಣ್ಣಲ್ಲೂ ನೀರು. ಖಾರದ್ದೋ ಬೇರೆಯದೋ, ನಾನು ಕೇಳಲಿಲ್ಲ.

“ವಾಸನಿ ಹಂಗ ಅದ ನೋಡ್ರಿ, ಮತ್ತೊಮ್ಮೆ ತೊಳೀಲೇನು?” ಅಂದೆ.

ಅವಳು ಮುಂದಿನ ಸೀಟಿನಲ್ಲಿ ಕೂತು, ಬಾಗಿಲು ಎಳೆದುಕೊಂಡು, ಗಾಜು ಇಳಿಸಿ ಹೇಳಿದಳು.

“ತೊಳೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಾ ಒಳಗ ಕುಂತಾಗ ತೊಳೀರಿ.”